ಅಜ್ಜನ ಪಟಕ್ಕೊಂದು ಗಟ್ಟಿ ಜಾಗ

ಗೋಡೆಯ ಬಿಳಿ ಪುಡಿಯ ವಾಸನೆ ಈಗಲೂ ಮೂಗಿಗೆ ತಾಕಿದರೆ ಅಮೆರಿಕದ ಡೌನರ್ಸ್ ಗ್ರೋವ್‌ನ ಆ ಮಧ್ಯಾಹ್ನ ಎದ್ದು ಬರುತ್ತದೆ. ಇಸವಿ ಎಪ್ಪತ್ತೆರಡೆಂದು ಬಹುಕಾಲ ನಂಬಿದ್ದೆ. ಪಂಚಾಂಗದೊಡನೆ ತಾಳೆ ನೋಡಿದ ಮೇಲೆ ಎಪ್ಪತ್ತೊಂದೆಂದು ತಿದ್ದಿಕೊಂಡೆ. ಅಂದು ಅಮ್ಮನ ತಂದೆಯ ಮೊದಲ ತಿಥಿ. ಅವರು ತೀರಿಕೊಂಡಾಗ ಅಮ್ಮನಿಗೆ ಮೈಸೂರಿಗೆ ಹೋಗಲಾಗಿರಲಿಲ್ಲ. ಅವರದೆಂದು ಅವಳ ಬಳಿ ಇದ್ದದ್ದು ಗಾಜಿನ ಚೌಕಟ್ಟಿನ ಒಂದೇ ಪಟ. ಊಟಕ್ಕೆ ಕೂರುವ ಮೊದಲು ಅದು ಗೋಡೆಯ ಮೇಲಿರಬೇಕಿತ್ತು.

ಇಟ್ಟಿಗೆ ಗೋಡೆಯಷ್ಟೇ ರೂಢಿಯಿದ್ದ ಅಪ್ಪ ಆ ತೆಳು ಹಲಗೆಯ ಪೊಳ್ಳು ಗೋಡೆಯ ನಟ್ಟನಡುವೆ ಮೊಳೆ ಹೊಡೆದರು. ಅದು ಸಲೀಸಾಗಿ ಒಳಹೋಗಿ, ಬೆರಳಲ್ಲಿ ಎಳೆದರೆ ಪುಡಿಯೊಡನೆ ಹೊರಬಂತು. ಇನ್ನೊಂದೂ ಹಾಗೆಯೇ.

“ಏನ್ರೀ, ಇಂಥ ಗೋಡೆ ನಂಬ್ಕೊಂಡು ಸಂಸಾರ ಮಾಡ್ತಿದೀವಾ?” ಎಂದಳು ಅಮ್ಮ.

“ಒಳಗೆ ಅಲ್ಲಲ್ಲಿ ಮರದ ಕಂಬ ಇರುತ್ತಂತೆ ಕಣೇ, ಆಫೀಸಲ್ಲಿ ಹೇಳ್ತಿದ್ರು. ಅದು ಸಿಕ್ಕಬೇಕು. ಪಟ ಕೆಳಗಿಡು, ಕೈ ನೋಯುತ್ತೆ.”

“ನಮ್ಮಪ್ಪನ್ನ ನೆಲದ ಮೇಲಿಡ್ಲಾ?”

ಅಪ್ಪ ಗೋಡೆಯುದ್ದಕ್ಕೂ ಬೆರಳ ಗೆಣ್ಣಿನಿಂದ ಬಡಿದರು. ಅವರಿಗೆ ಎಲ್ಲವೂ ಒಂದೇ ಸದ್ದು. ಒಲೆಯ ಮೇಲೆ ಸಾರು ಆರುತ್ತಿತ್ತು. ಕೊನೆಗೆ ಅಮ್ಮ ಪಟವನ್ನು ಎದೆಗೊತ್ತಿಕೊಂಡೇ, ಇನ್ನೊಂದು ಕೈಯಿಂದ ತೆಂಗಿನಕಾಯಿ ತಟ್ಟಿ ನೋಡುವಂತೆ ತಟ್ಟುತ್ತ ಹೋಗಿ ದೀಪದ ಸ್ವಿಚ್ಚಿನ ಮೇಲ್ಗಡೆ ಸದ್ದು ಗಟ್ಟಿಯಾದಲ್ಲಿ ಕೈ ನಿಲ್ಲಿಸಿದಳು.

“ಇಲ್ಲಿ ಹೊಡೀರಿ.”

ಈ ಸಲ ಮೊಳೆ ತಡೆತಡೆದು ನಿಧಾನವಾಗಿ ಇಳಿಯಿತು. ಅಮ್ಮನೇ ಪಟ ತೂಗುಹಾಕಿದಳು.

“ಇನ್ಮೇಲೆ ಮಾವನೋರೇ ಲೈಟ್ ಆರಿಸ್ತಾರೆ,” ಎಂದರು ಅಪ್ಪ. “ಕೈ ತೆಗಿ ಈಗ, ಬೀಳಲ್ಲ.”

“ಗೊತ್ತು,” ಎಂದಳು ಅಮ್ಮ. ಚೌಕಟ್ಟಿನಡಿಯ ಅಂಗೈ ಮಾತ್ರ ಅಲ್ಲೇ ಇತ್ತು. ಅಂದು ನಮಗೆ ಬಡಿಸಿದ್ದು ಅಪ್ಪ.