ಷಡಕ್ಷರಪ್ಪನವರ ಆಯುಧಪೂಜೆ

ಸ್ವಂತ ಕಾರೆಂಬುದು ಯಾರಿಗೂ ಇಲ್ಲವಾಗಿ ಹನ್ನೆರಡು ವರ್ಷ ಕಳೆದರೂ ತುಮಕೂರಿನ ಷಡಕ್ಷರಪ್ಪನವರು ಆಯುಧಪೂಜೆ ಬಿಟ್ಟಿರಲಿಲ್ಲ. ಎಲ್ಲರಿಗೂ ಸೇರಿದ, ತಾನೇ ಓಡುವ ಕಾರೊಂದನ್ನು ಬೆಳಿಗ್ಗೆಯೇ ಕರೆಸಿ, ಬೀದಿಗೆಲ್ಲ ಕಾಣುವಂತೆ ಗೇಟಿನೆದುರು ನಿಲ್ಲಿಸಿಕೊಂಡರು. ಬಾನೆಟ್ಟಿನ ಮೇಲೆ ತಮಗಿಂತ ಮೊದಲು ಅದನ್ನು ಕರೆಸಿಕೊಂಡಿದ್ದವರು ಇಟ್ಟಿದ್ದ ಕುಂಕುಮ ಒರೆಸಿಹಾಕಿ, "ನಮ್ಮ ಕಾರು, ನಮ್ಮ ಕಾರು" ಎನ್ನುತ್ತ ಚೆಂಡುಹೂವಿನ ಹಾರ ಹಾಕಿದರು. ಅದು ದಾರಿ ನೋಡುವ ಕ್ಯಾಮೆರಾಗಳಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ದಪ್ಪಗೆ ಬಳಿದರು. ಅಕ್ಕಪಕ್ಕದವರೂ ಬಳಿದಿದ್ದರು; ಭಕ್ತಿಯಲ್ಲಿ ಹಿಂದೆ ಬೀಳುವುದು ಯಾರಿಗೆ ಬೇಕು?

ಮಂಗಳಾರತಿ ಮುಗಿಯುವ ಮೊದಲೇ ತುಂಬು ಬಸುರಿ ಮಗಳು ಶೈಲಜಾಳಿಗೆ ಹೆರಿಗೆನೋವು ಶುರುವಾಯಿತು. ಅವಳನ್ನು ಹತ್ತಿಸಿದರೆ ಕಾರು, "ನನಗೆ ದಾರಿ ಕಾಣುತ್ತಿಲ್ಲ. ಶುಚಿ ಮಾಡುವ ಸಿಬ್ಬಂದಿಗೆ ಇಂದು ಹಬ್ಬದ ರಜೆ" ಎಂದಿತು. ಪಂಚೆಯಿಂದ ಒರೆಸಿದಷ್ಟೂ ಎಣ್ಣೆ ಹರಡಿತು. ಬೀದಿಯಷ್ಟೇ ಏಕೆ, ಊರಿನ ಕಾರು, ಆಂಬುಲೆನ್ಸುಗಳೆಲ್ಲ ಹಾರ ಹಾಕಿಕೊಂಡು ಕುರುಡಾಗಿ ನಿಂತಿದ್ದವು.

ಹೂ ಮಾರುವ ನಾಗಮ್ಮ ತನ್ನ ತಳ್ಳುಗಾಡಿಯ ಹೂವನ್ನೆಲ್ಲ ರಸ್ತೆಗೆ ಸುರಿದು ಶೈಲಜಾಳನ್ನು ಕೂರಿಸಿಕೊಂಡಳು. "ನಾನೂ ಬರ್ತೀನಿ" ಎಂದು ಷಡಕ್ಷರಪ್ಪನವರು ಓಡಿಬಂದರು.

ಗಾಡಿ ತಳ್ಳುತ್ತಿದ್ದ ಹೆಂಡತಿ ಗಿರಿಜಮ್ಮ ತಿರುಗಿಯೂ ನೋಡಲಿಲ್ಲ. "ನೀವ್ಯಾಕ್ರೀ ನಡೀತೀರಾ? ನಿಮ್ಮ ಕಾರಲ್ವಾ? ಹತ್ತಿ ಕೂತ್ಕೊಂಡು ಬನ್ನಿ."