ಒಂದು ಮೊಳ ಹಗ್ಗ

"ಅಳಿಯಂದ್ರೇ, ನಿಂತಲ್ಲೇ ನಿದ್ದೆನಾ? 'ತಡಿ' ಅಂತ ಗಂಟಲು ಹರಿಯೋ ಹಾಗೆ ಕೂಗಿದ್ನಲ್ಲೋ!"

ರಾಟೆಯ ಹಗ್ಗದಲ್ಲಿ ಮೇಲೆ ಬಂದ ಸೋದರಮಾವ ತಾರಸಿಗೆ ಕಾಲಿಟ್ಟವನೇ ನಕ್ಕ. ಅವನ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಹಲಗೆಯ ಮೇಲೆ ಕೂತು ಗಾಜು ಒರೆಸುತ್ತಾ ಇಳಿಯುವಾಗ, ಕೆಳಗೆ ಯಾರೋ ಕಿಟಕಿಯನ್ನು ಹೊರಕ್ಕೆ ತೆರೆದಿದ್ದರು. ಅವನು ಕೂಗಿದ ಮೇಲೂ ಹಗ್ಗ ಒಂದು ಮೊಳ ಜಾರಿ, ಮೊಣಕಾಲು ಆ ಕಿಟಕಿಗೆ ಬಡಿದಿತ್ತು. ಈ ಪರಭಾಷೆಯ ಊರಿನಲ್ಲಿ ಹನ್ನೆರಡು ವರ್ಷಗಳಿಂದ ಮಾವ ಕನ್ನಡದಲ್ಲಿ ಕೂಗುವುದು, ತಾರಸಿಯಲ್ಲಿ ನಿಂತ ಅಳಿಯ ಹಗ್ಗ ಬಿಡುವುದು. ಒಂದು ಬೆರಳಿನಷ್ಟೂ ತಪ್ಪಿರಲಿಲ್ಲ.

"ಕೇಳಿಸ್ತು ಮಾವ," ಎಂದ ಅಳಿಯ, ಕೈಗವಸು ನೋಡಿಕೊಳ್ಳುತ್ತಾ. "ಚೆನ್ನಾಗೇ ಕೇಳಿಸ್ತು. ಏನಂತ ಹೊಳೀಲಿಲ್ಲ. ಮನಸ್ಸಲ್ಲಿ ಇಲ್ಲಿನ ಮಾತಿಗೆ ತಿರುಗಿಸ್ಕೊಂಡ ಮೇಲೇ ಕೈ ನಿಂತಿದ್ದು."

ಮಾವನ ನಗು ಅರ್ಧಕ್ಕೇ ನಿಂತಿತು. "ಈ ಊರಿನ ಹೆಂಡ್ತಿ, ಮಕ್ಕಳ ಜೊತೆ ಹಗಲೂ ರಾತ್ರಿ ಅದೇ ಭಾಷೆ ಆಡಿದ್ರೆ ಇನ್ನೇನಾಗುತ್ತೆ? ಹೋಗ್ಲಿ, ನಂಗೂ ಬರುತ್ತಲ್ಲ. ಇನ್ಮೇಲೆ ಅದ್ರಲ್ಲೇ ಕೂಗ್ತೀನಿ."

"ಜೀವಕ್ಕೆ ಕುತ್ತು ಬಂದಾಗ ನಿಮ್ಮ ಬಾಯಿಗೆ ಅದು ಬರುತ್ತಾ ಮಾವ?"

ಮಾವ ಅಂಚಿನಿಂದ ಕೆಳಗೆ ಬಗ್ಗಿ ನೋಡಿದ. ಇನ್ನೂ ಎಂಟು ಮಹಡಿಯ ಗಾಜು ಉಳಿದಿತ್ತು. ಕೆಳಗಿನಿಂದ ಮೇಸ್ತ್ರಿ ಬೇಗ ಬೇಗ ಎಂದು ಕೈ ಬೀಸುತ್ತಿದ್ದ. ಮಾವ ಒರೆಸುವ ಬಟ್ಟೆಯನ್ನೇ ಮೊಣಕಾಲಿಗೆ ಬಿಗಿದುಕೊಂಡು, ಹಲಗೆಯ ಮೇಲೆ ಕೂತು, ಅಂಚಿನಾಚೆ ಕಾಲು ಇಳಿಬಿಟ್ಟ.

"ಬಿಡು," ಎಂದ, ಕನ್ನಡದಲ್ಲೇ.

ಅಳಿಯನ ತುಟಿಗಳು ಸದ್ದಿಲ್ಲದೆ ಏನನ್ನೋ ಹೇಳಿಕೊಂಡವು. ಆಮೇಲೆ ಹಗ್ಗ ಜಾರತೊಡಗಿತು.