ಒಂದು ದೀಪ, ಎರಡು ಸ್ವಿಚ್ಚು

ಕಸ ಗುಡಿಸುವ ನೀಲವ್ವ ಕರಿಹಲಗೆ ಒರೆಸುತ್ತಿದ್ದಳು. ಪಾಲಿಟೆಕ್ನಿಕ್ಕಿನ ಪ್ರಾಚಾರ್ಯರು ಏದುಸಿರು ಬಿಡುತ್ತ ಒಳಬಂದರು.

“ಒರಸೂದು ಸಾಕವಾ. ಈ ಯೂನಿಫಾರ್ಮ್ ಹಾಕ್ಕೊಂಡು ಮುಂದಿನ ಬೆಂಚಿನ್ಯಾಗ ಕೂಡು. ಸಮಾನತೆ ಕಮಿಟಿ ಬಂದೈತಿ. ಸಾಲಿ ಬಿಟ್ಟವರಿಗೆ ಪುಕ್ಕಟೆ ಕ್ಲಾಸ್ ನಡಸ್ತೀವಿ ಅಂತ ಹೇಳೇವಿ.”

“ಎಲ್ಲಿ ನಡಸ್ತೀರಿ ಸರ್?”

“ಇಲ್ಲೇ. ಈಗ.”

ಏಳನೇ ತರಗತಿಗೇ ಶಾಲೆ ಬಿಟ್ಟಿದ್ದ ನೀಲವ್ವನ ಪಕ್ಕದಲ್ಲಿ ಕ್ಯಾಂಟೀನಿನ ಅಡುಗೆಯಾಕೆಯೂ ಕಾವಲುಗಾರನ ಹೆಂಡತಿಯೂ ಬಂದು ಕುಳಿತರು. ಕಮಿಟಿಯವರು ಹಿಂದಿನ ಸಾಲು ಹಿಡಿದರು. ಎಲೆಕ್ಟ್ರಿಕಲ್ ಮಾಸ್ತರರು ಬೇರೆ ದಾರಿಯಿಲ್ಲದೆ ಸೀಮೆಸುಣ್ಣ ಎತ್ತಿಕೊಂಡರು.

“ಮೆಟ್ಟಲದ ದೀಪ ಕೆಳಗ ಹಚ್ಚಿ, ಮ್ಯಾಲೆ ಹೋಗಿ ಆರಸ್ತೀವಿ. ಒಂದ ದೀಪಕ್ಕ ಎರಡು ಸ್ವಿಚ್ ಹೆಂಗ?”

ನೀಲವ್ವ ನೆಟ್ಟಗಾದಳು. ಕಸಬರಿಗೆ ಹಿಡಿದು ಆ ಮೆಟ್ಟಿಲು ಹತ್ತುವಾಗೆಲ್ಲ ಅವಳ ತಲೆ ಕೊರೆಯುತ್ತಿದ್ದ ಪ್ರಶ್ನೆ ಅದೇ. ಹಲಗೆಯ ಮೇಲೆ ಒಂದು ತಂತಿ ಮೂಡಿತು, ಇನ್ನೊಂದು ಮೂಡಿತು. ಮೂರನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಕಮಿಟಿಯವರು ಚಪ್ಪಾಳೆ ತಟ್ಟಿ, “ಮಾದರಿ ಕಾಲೇಜು!” ಎನ್ನುತ್ತ ಊಟಕ್ಕೆ ಎದ್ದರು.

ಮಾಸ್ತರರು ಕೈಯ ಪುಡಿ ಕೊಡವಿಕೊಂಡರು. ಪ್ರಾಚಾರ್ಯರು ಡಸ್ಟರನ್ನು ನೀಲವ್ವನ ಕೈಗಿಟ್ಟರು.

“ಛಲೋ ಕುಂತಿದ್ದಿ ನೋಡವಾ. ಇನ್ನ ಯೂನಿಫಾರ್ಮ್ ಬಿಚ್ಚಿಟ್ಟು ಹಲಗಿ ಒರಸು.”

ಅವಳು ಒರೆಸಲಿಲ್ಲ. ಇಬ್ಬರೂ ಆಗಲೇ ಹೋಳಿಗೆಯ ವಾಸನೆ ಹಿಡಿದು ಬಾಗಿಲು ದಾಟುತ್ತಿದ್ದರು.

“ಸರ್, ಆ ಮೂರನೇ ತಂತಿ ಎಲ್ಲಿಗೆ ಹೋಗ್ತೈತಿ, ಅಷ್ಟ ಹೇಳಿ ಹೋಗ್ರಿ.”